ಮಗುವಿನ ಹಣೆಬರಹ ಬರೆಯುವವರಿಗೆ ತರಬೇತಿ ಬೇಡವೇ?

ಬಸ್ಸು ಓಡಿಸುವವನಿಗೆ ಪರವಾನಗಿ ಬೇಕು. ಔಷಧದ ಅಂಗಡಿ ತೆರೆಯುವವನಿಗೆ ಫಾರ್ಮಸಿ ಓದಿದ ಪ್ರಮಾಣಪತ್ರ ಬೇಕು. ಎರಡು ಹೊಲಗಳ ನಡುವಿನ ಗಡಿ ಗುರುತಿಸಲು ತರಬೇತಿ ಪಡೆದ ಸರ್ವೇಯರ್ ಬರಬೇಕು. ನೆರೆಹೊರೆಯವರು ಹಗ್ಗ ಹಿಡಿದು ಅಳೆದರೆ ನ್ಯಾಯಾಲಯ ಒಪ್ಪುವುದಿಲ್ಲ. ಆದರೆ ಪತಿ-ಪತ್ನಿ ಬೇರೆಯಾದಾಗ ಅವರ ಮಗು ಯಾರ ಮಡಿಲಲ್ಲಿ ಬೆಳೆಯಬೇಕೆಂಬುದನ್ನು ಪರಿಶೀಲಿಸಿ ವರದಿ ಬರೆಯುವ ವ್ಯಕ್ತಿಗೆ ಈ ದೇಶದ ಯಾವ ಕಾನೂನೂ ವಿಶೇಷ ತರಬೇತಿಯನ್ನು ಕಡ್ಡಾಯಗೊಳಿಸಿಲ್ಲ. ಎರಡು ಗುಂಟೆ ಜಮೀನಿನ ಬಗ್ಗೆ ತೋರುವ ಎಚ್ಚರವನ್ನು ಎಂಟು ವರ್ಷದ ಮಗುವಿನ ಬಗ್ಗೆ ತೋರಲಾರದ ವ್ಯವಸ್ಥೆಯನ್ನು ನ್ಯಾಯವ್ಯವಸ್ಥೆಯೆಂದು ಕರೆಯುವುದು ಹೇಗೆ?

ಕಡೂರು ತಾಲೂಕಿನ ಚೌಳಹಿರಿಯೂರಿನಂತಹ ಊರಿನ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಗಂಡ ಮಗನನ್ನು ತರೀಕೆರೆಯ ತನ್ನ ತಂದೆಯ ಮನೆಗೆ ಕರೆದೊಯ್ದಿದ್ದಾನೆ, ಮರಳಿ ಕಳುಹಿಸುತ್ತಿಲ್ಲ. ಅವಳು ಕಡೂರಿಗೆ ಬಂದು, ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಚಿಕ್ಕಮಗಳೂರಿಗೆ ಹೋಗಿ ವಕೀಲರನ್ನು ಹುಡುಕಬೇಕು. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ ಪ್ರಕಾರ ಅರ್ಜಿ ಸಲ್ಲಿಸಬೇಕು. ಒಂದೊಂದು ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೀಳುತ್ತದೆ. ಇಷ್ಟೆಲ್ಲ ಆದ ಮೇಲೆ ‘ಮಗುವಿನ ಮನಃಸ್ಥಿತಿಯ ಬಗ್ಗೆ ತಜ್ಞರ ವರದಿ ಬೇಕು’ ಎಂದು ನ್ಯಾಯಾಧೀಶರಿಗೆ ಅನಿಸಿತೆನ್ನೋಣ. ಆ ತಜ್ಞರು ಎಲ್ಲಿದ್ದಾರೆ? ಎಲ್ಲರ ಬೆರಳೂ ಬೆಂಗಳೂರಿನ ನಿಮ್ಹಾನ್ಸ್ ಕಡೆಗೇ ತಿರುಗುತ್ತದೆ. ಕಡೂರಿನಿಂದ ಅದು 200 ಕಿ.ಮೀ.ಗೂ ಹೆಚ್ಚು ದೂರ. ಅಲ್ಲಿಯ ವೈದ್ಯರು ಎಷ್ಟೇ ನುರಿತವರಾಗಿದ್ದರೂ ತರೀಕೆರೆಯ ಮನೆಯ ಅಂಗಳ, ಚೌಳಹಿರಿಯೂರಿನ ಶಾಲೆಯ ಮೇಷ್ಟ್ರು, ಮಗುವನ್ನು ಸಾಕಿದ ನಾನಿ ಇವರನ್ನೆಲ್ಲ ನೋಡದೆ ಆಸ್ಪತ್ರೆಯ ಕೋಣೆಯಲ್ಲಿ ಕುಳಿತೇ ತೀರ್ಮಾನಕ್ಕೆ ಬರಬೇಕಾಗುತ್ತದೆ.

ಕಾನೂನಿನಲ್ಲಿ ಅವಕಾಶವಿಲ್ಲವೆಂದು ಯಾರೂ ಹೇಳುವಂತಿಲ್ಲ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 6ನೆಯ ಕಲಮು ನ್ಯಾಯಾಲಯಕ್ಕೆ ಆಪ್ತಸಮಾಲೋಚಕರನ್ನು ಒದಗಿಸಲು ಹೇಳುತ್ತದೆ. 12ನೆಯ ಕಲಮು ವೈದ್ಯಕೀಯ ತಜ್ಞರ ಮತ್ತು ಕುಟುಂಬ ಕಲ್ಯಾಣದಲ್ಲಿ ತೊಡಗಿದವರ ನೆರವು ಪಡೆಯಲು ಅನುಮತಿ ನೀಡುತ್ತದೆ, ಸಾಧ್ಯವಾದರೆ ಅವರು ಮಹಿಳೆಯಾಗಿರಲಿ ಎಂದೂ ಹೇಳುತ್ತದೆ. 1890ರ ಕಾಯ್ದೆಯ 17ನೆಯ ಕಲಮು ಮಗುವಿನ ವಯಸ್ಸು, ಲಿಂಗ, ಧರ್ಮ, ಪೋಷಕನ ನಡತೆ ಮತ್ತು ಸಾಮರ್ಥ್ಯಗಳನ್ನು ಗಮನಿಸಬೇಕೆನ್ನುತ್ತದೆ. ವಿವೇಚನೆಯ ವಯಸ್ಸಿಗೆ ಬಂದ ಮಗುವಾದರೆ ಅದರ ಇಚ್ಛೆಯನ್ನೂ ಪರಿಗಣಿಸಬಹುದೆನ್ನುತ್ತದೆ. ಬ್ರಿಟಿಷರು ಬರೆದ ಕಾಯ್ದೆಗೆ 130 ವರ್ಷ ದಾಟಿತು. ಸ್ವತಂತ್ರ ಭಾರತ ಬರೆದ ಕಾಯ್ದೆಗೆ 40 ವರ್ಷ ದಾಟಿತು. ಆದರೆ ಆ ನಡತೆ, ಸಾಮರ್ಥ್ಯ, ಇಚ್ಛೆಗಳನ್ನು ಯಾರು, ಯಾವ ವಿಧಾನದಿಂದ, ಎಷ್ಟು ದಿನ ನೋಡಿ ಅಳೆಯಬೇಕು? ಕಾನೂನು ಇದಕ್ಕೆ ಉತ್ತರಿಸುವುದಿಲ್ಲ. 2015ರ ಮೇ ತಿಂಗಳಲ್ಲಿ ಕಾನೂನು ಆಯೋಗವು ತನ್ನ 257ನೆಯ ವರದಿಯಲ್ಲಿ ಮಕ್ಕಳ ಸುಪರ್ದಿ, ಜಂಟಿ ಪಾಲನೆ ಮತ್ತು ಭೇಟಿಯ ಬಗ್ಗೆ ಹಳೆಯ ಕಾಯ್ದೆಗೆ ಹೊಸ ಅಧ್ಯಾಯವನ್ನೇ ಸೇರಿಸಬೇಕೆಂದು ಶಿಫಾರಸು ಮಾಡಿತು. ವರದಿ ಮುದ್ರಣವಾಯಿತು, ಕಾನೂನಾಗಲಿಲ್ಲ.

ಹೀಗಾಗಿ ನಡೆಯುತ್ತಿರುವುದೇನು? ಅನೇಕ ಪ್ರಕರಣಗಳಲ್ಲಿ ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆಸಿ ಕೆಲವು ನಿಮಿಷ ಮಾತನಾಡಿಸುತ್ತಾರೆ. ಹೊರಗೆ ಕರಿ ಕೋಟಿನವರ ಗುಂಪು, ಪೊಲೀಸರು, ಒಂದು ಬದಿಗೆ ತಂದೆಯ ಕಡೆಯವರು, ಇನ್ನೊಂದು ಬದಿಗೆ ತಾಯಿಯ ಕಡೆಯವರು. ಮಗುವಿಗೆ ಹಿಂದಿನ ರಾತ್ರಿಯೇ ಪಾಠ ಹೇಳಿಕೊಡಲಾಗಿದೆ. ‘ಯಾರ ಜೊತೆ ಇರ್ತೀಯ ಮಗು?’ ಎಂದು ಕೇಳಿದಾಗ ಅದು ಹೇಳುವ ಒಂದು ಹೆಸರು ಅದರ ಮನಸ್ಸಿನ ಮಾತೋ, ಭಯದ ಮಾತೋ, ನಿನ್ನೆ ಕೊಡಿಸಿದ ಸೈಕಲ್ಲಿನ ಮಾತೋ? ನ್ಯಾಯಾಧೀಶರ ಸದುದ್ದೇಶವನ್ನು ಇಲ್ಲಿ ಯಾರೂ ಶಂಕಿಸುತ್ತಿಲ್ಲ. ಅವರು ಕಲಿತದ್ದು ಸಾಕ್ಷ್ಯವನ್ನು ತೂಗುವ ವಿದ್ಯೆ. ಮಗುವಿನ ಮೌನವನ್ನು ಅರ್ಥೈಸುವುದು ಬೇರೆಯೇ ವಿದ್ಯೆ.

ಇದು ಕೇವಲ ತಾಲೂಕು ಕೇಂದ್ರಗಳ ಕೊರತೆಯಲ್ಲ. ಕೇರಳದ ಒಂದು ಪ್ರಕರಣವನ್ನೇ ನೋಡಿ. ತಾಯಿಯ ಬಳಿ ಬೆಳೆದ ಬಾಲಕನನ್ನು ತಂದೆಗೊಪ್ಪಿಸಬೇಕೆಂದು 2023ರಲ್ಲಿ ಹೈಕೋರ್ಟ್ ಆದೇಶಿಸಿತು. 2024ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದೇಶದ ಸುದ್ದಿಯಿಂದಲೇ ಹುಡುಗ ತೀವ್ರ ಆತಂಕಕ್ಕೊಳಗಾದನೆಂದು ಮನೋವೈದ್ಯಕೀಯ ವರದಿಗಳು ತಿಳಿಸಿದವು. 2025ರ ಜುಲೈನಲ್ಲಿ ಅದೇ ಸುಪ್ರೀಂ ಕೋರ್ಟ್ ತನ್ನ ಆದೇಶವನ್ನು ಮರುಪರಿಶೀಲಿಸಿ ಮಗುವನ್ನು ತಾಯಿಯ ಬಳಿಯೇ ಉಳಿಸಿತು. ತನ್ನ ಆದೇಶವನ್ನು ತಾನೇ ತಿದ್ದಿಕೊಂಡ ನ್ಯಾಯಾಲಯ ಅಭಿನಂದನಾರ್ಹ. ಆದರೆ ತಜ್ಞರ ಮಾತು ತೀರ್ಪಿಗೆ ಮೊದಲು ಬರಬೇಕಿತ್ತಲ್ಲವೇ? ಮಗು ಕುಸಿದ ಮೇಲೆ ಬರೆದ ವರದಿಯು ಗಾಯದ ವರದಿಯಾಗುತ್ತದೆ. ದೆಹಲಿಯವರೆಗೆ ಹೋಗಿ ಮರುಪರಿಶೀಲನಾ ಅರ್ಜಿ ಹಾಕುವ ಶಕ್ತಿ ಎಷ್ಟು ತಾಯಂದಿರಿಗಿದೆ, ಎಷ್ಟು ತಂದೆಯಂದಿರಿಗಿದೆ?

‘ಹಾಗಾದರೆ ಊರಿನ ಯಾವುದಾದರೂ ಮನೋವೈದ್ಯರ ಬಳಿ ಕಳುಹಿಸಿದರಾಯಿತು’ ಎನ್ನುವವರಿದ್ದಾರೆ. ಅಪಾಯವಿರುವುದೇ ಇಲ್ಲಿ. ಕಾಯಿಲೆಗೆ ಚಿಕಿತ್ಸೆ ನೀಡುವುದು ಒಂದು ಕೆಲಸ, ಪಾಲನೆಯ ಮೌಲ್ಯಮಾಪನ ಇನ್ನೊಂದು ಕೆಲಸ. ಚಿಕಿತ್ಸೆ ನೀಡುವವರು ತಮ್ಮ ರೋಗಿಯ ಪರವಾಗಿರುತ್ತಾರೆ, ರೋಗಿ ಹೇಳಿದ್ದನ್ನು ಗುಟ್ಟಾಗಿಡುತ್ತಾರೆ. ಮೌಲ್ಯಮಾಪಕರು ಯಾರ ಪರವೂ ಅಲ್ಲ. ‘ನೀವು ಹೇಳಿದ್ದು ನ್ಯಾಯಾಲಯಕ್ಕೆ ಹೋಗುತ್ತದೆ’ ಎಂದು ಮೊದಲೇ ತಿಳಿಸಬೇಕಾದದ್ದು ಅವರ ಕರ್ತವ್ಯ. ಆದ್ದರಿಂದಲೇ ಒಬ್ಬರೇ ಎರಡೂ ಪಾತ್ರ ವಹಿಸಬಾರದು. ತಾಯಿಗೆ ನಿದ್ರೆಯ ಮಾತ್ರೆ ಬರೆದುಕೊಟ್ಟ ವೈದ್ಯರು, ತಂದೆಯನ್ನು ಒಮ್ಮೆಯೂ ನೋಡದೆ, ಮಗು ತಾಯಿಗೇ ಸೇರಬೇಕೆಂದು ಪತ್ರ ಬರೆದುಕೊಟ್ಟರೆ ಅದು ಉಪಕಾರವಲ್ಲ, ವೃತ್ತಿಧರ್ಮದ ಉಲ್ಲಂಘನೆ.

ಸರಿಯಾದ ಮೌಲ್ಯಮಾಪನವೆಂದರೆ ಏನು? ತಂದೆಯನ್ನೂ ತಾಯಿಯನ್ನೂ ಬೇರೆಬೇರೆಯಾಗಿ, ಒಂದಕ್ಕಿಂತ ಹೆಚ್ಚು ಬಾರಿ ಮಾತನಾಡಿಸುವುದು. ಮಗುವನ್ನು ಒಂಟಿಯಾಗಿ ಮಾತನಾಡಿಸುವುದು. ಮಗು ತಂದೆಯ ಜೊತೆ ಹೇಗಿರುತ್ತದೆ, ತಾಯಿಯ ಜೊತೆ ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ನೋಡುವುದು. ಎರಡೂ ಮನೆಗಳಿಗೆ ಹೋಗುವುದು. ಶಿಕ್ಷಕರು, ಮಗುವನ್ನು ನೋಡಿದ ವೈದ್ಯರು, ಅಜ್ಜ-ಅಜ್ಜಿಯರನ್ನು ವಿಚಾರಿಸುವುದು. ಮನೆಯಲ್ಲಿ ಹಿಂಸೆ ನಡೆದಿದೆಯೇ ಎಂದು ವಿಶೇಷವಾಗಿ ಪರಿಶೀಲಿಸುವುದು. ಬಳಿಕ ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂಬುದನ್ನು ಬೇರ್ಪಡಿಸಿ ಬರೆಯುವುದು. ಅಂತಿಮ ತೀರ್ಮಾನ ನ್ಯಾಯಾಲಯದ್ದು, ತಜ್ಞರದ್ದಲ್ಲ. ಮಗುವಿಗೆ ‘ಅಬ್ಬಾ ಬೇಕೋ, ಅಮ್ಮಿ ಬೇಕೋ’ ಎಂಬ ಕತ್ತಿಯಂತಹ ಪ್ರಶ್ನೆ ಎಸೆಯುವುದಿಲ್ಲ. ಬೆಳಿಗ್ಗೆ ಎಬ್ಬಿಸುವವರು ಯಾರು, ಜ್ವರ ಬಂದಾಗ ಪಕ್ಕದಲ್ಲಿ ಮಲಗುವವರು ಯಾರು, ಶಾಲೆಯಲ್ಲಿ ಜಗಳವಾದರೆ ಯಾರಿಗೆ ಹೇಳುತ್ತೀ ಎಂದು ಕೇಳುತ್ತಾರೆ. ಹೆತ್ತವರಲ್ಲಿ ಒಬ್ಬರಿಗೆ ದ್ರೋಹ ಬಗೆದೆನೆಂಬ ಭಾರ ಮಗುವಿನ ತಲೆಯ ಮೇಲೆ ಬೀಳದಂತೆ ಅದರ ಮನಸ್ಸನ್ನು ತಿಳಿಯುವ ಈ ಕೌಶಲ ಎಂ.ಬಿ.ಬಿ.ಎಸ್. ಪದವಿಯೊಂದಿಗೆ ತಾನಾಗಿ ಬರುವುದಿಲ್ಲ.

ತರಬೇತಿ ಇಲ್ಲದ ತಜ್ಞ, ತಜ್ಞನೇ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಏಕೆಂದರೆ ಅವನ ಪೂರ್ವಗ್ರಹಕ್ಕೆ ವಿಜ್ಞಾನದ ಮೊಹರು ಬೀಳುತ್ತದೆ. ವರ್ಷಗಟ್ಟಲೆ ಹೊಡೆತ ತಿಂದ ಹೆಣ್ಣು ಸಂದರ್ಶನದಲ್ಲಿ ತೊದಲುತ್ತಾಳೆ, ಅಳುತ್ತಾಳೆ, ದಿನಾಂಕಗಳನ್ನು ಮರೆಯುತ್ತಾಳೆ. ಹೊಡೆದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶಾಂತವಾಗಿ ಮಾತನಾಡುತ್ತಾನೆ. ಅರಿಯದವನು ‘ತಾಯಿಗೆ ಖಿನ್ನತೆ, ತಂದೆ ಸ್ಥಿರಚಿತ್ತ’ ಎಂದು ಬರೆದುಬಿಡುತ್ತಾನೆ. ಮನೆಯಲ್ಲಿ ದಖನಿ ಉರ್ದು ಮಾತನಾಡುವ ಮಗು ಕನ್ನಡದಲ್ಲಿ ಕೇಳಿದ್ದಕ್ಕೆ ತಡವರಿಸಿದರೆ ‘ಬುದ್ಧಿಯ ಬೆಳವಣಿಗೆ ಕಡಿಮೆ’ ಎಂಬ ಷರಾ ಬೀಳಬಹುದು. ಬುರ್ಖಾ ತೊಟ್ಟ ತಾಯಿಯನ್ನೂ ಗಡ್ಡ ಬಿಟ್ಟ ತಂದೆಯನ್ನೂ ನೋಡಿದೊಡನೆ ‘ಹಿಂದುಳಿದ ಮನೆ’ ಎಂದು ಒಳಗೊಳಗೇ ತೀರ್ಮಾನಿಸುವವರೂ ಇರಬಹುದು. ಬಾಡಿಗೆಯ ಒಂದು ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿದು ಬದುಕುವ ತಾಯಿಯ ಬಡತನವು ಅವಳ ಅಯೋಗ್ಯತೆಯಾಗಿ ದಾಖಲಾಗಬಹುದು. ಈ ತಪ್ಪುಗಳಿಂದ ತನ್ನನ್ನು ತಾನು ಕಾಯ್ದುಕೊಳ್ಳುವುದನ್ನು ಕಲಿಸುವುದೇ ತರಬೇತಿಯ ಅರ್ಧ ಭಾಗ.

ಇನ್ನೊಂದು ಉದಾಹರಣೆ ಇನ್ನೂ ಗಂಭೀರವಾದುದು. ಮಗು ಒಬ್ಬ ಪೋಷಕರನ್ನು ನಿರಾಕರಿಸಿದರೆ ಇನ್ನೊಬ್ಬರು ಅದರ ಮನಸ್ಸು ಕೆಡಿಸಿದ್ದಾರೆಂದೇ ಅರ್ಥ ಎಂಬ ಸಿದ್ಧಾಂತವನ್ನು 1985ರಲ್ಲಿ ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ ಮುಂದಿಟ್ಟರು, ಅದಕ್ಕೆ ರೋಗಲಕ್ಷಣವೆಂಬ ಹೆಸರನ್ನೂ ಕೊಟ್ಟರು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ರೋಗಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಆದರೂ 2017ರ ಒಂದು ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಆ ಹೆಸರನ್ನು ಪ್ರಸ್ತಾಪಿಸಿತು. ಬಳಿಕ ಅದು ಕೌಟುಂಬಿಕ ವ್ಯಾಜ್ಯಗಳಲ್ಲಿ ಎದುರಾಳಿಯ ಮೇಲೆ ಎಸೆಯುವ ಅಸ್ತ್ರವಾಯಿತು. ಹಿಂಸೆಗೆ ಹೆದರಿ ಮಗು ದೂರ ಸರಿದರೂ ಆರೋಪ ಮಾತ್ರ ತಾಯಿಯ ಮೇಲೆ! 2023ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ ರೀಮ್ ಅಲ್‌ಸಾಲಿಮ್ ಅವರು ಇದನ್ನು ಕೌಟುಂಬಿಕ ಪ್ರಕರಣಗಳಲ್ಲಿ ಬಳಸದಂತೆ ನಿಷೇಧಿಸಬೇಕೆಂದು ಒತ್ತಾಯಿಸಿದರು. 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ, ವರ್ತನೆಯ ನಿರ್ದಿಷ್ಟ ಪುರಾವೆಗಳನ್ನು ನೋಡದೆ ಯಾರಿಗೂ ಆ ಹಣೆಪಟ್ಟಿ ಹಚ್ಚಬಾರದೆಂದು ಎಚ್ಚರಿಸಿತು. ಆ ಪುರಾವೆಯನ್ನು ಹುಡುಕುವವರು ಯಾರು? ಮತ್ತೆ ಅದೇ ಪ್ರಶ್ನೆಗೆ ಬಂದು ನಿಂತೆವು.

ಇತರ ದೇಶಗಳು ಈ ಪ್ರಶ್ನೆಗೆ ಉತ್ತರ ಹುಡುಕಿವೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 1994ರಲ್ಲೇ ಪಾಲನಾ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿ, ಅನಂತರ ಅದನ್ನು ಪರಿಷ್ಕರಿಸುತ್ತ ಬಂದಿದೆ. ಕ್ಯಾಲಿಫೋರ್ನಿಯಾದಲ್ಲಿ ನ್ಯಾಯಾಲಯ ನೇಮಿಸುವ ಮೌಲ್ಯಮಾಪಕರು ಮೊದಲಿಗೆ 40 ಗಂಟೆಗಳ ವಿಶೇಷ ತರಬೇತಿ ಪಡೆಯಬೇಕು. ಇಂಗ್ಲೆಂಡ್ 2001ರಲ್ಲಿ ಕೌಟುಂಬಿಕ ನ್ಯಾಯಾಲಯಗಳಿಗೆ ಮಗುವಿನ ಹಿತದ ಬಗ್ಗೆ ಸಲಹೆ ನೀಡಲೆಂದೇ ‘ಕ್ಯಾಫ್ಕಾಸ್’ ಎಂಬ ಸಂಸ್ಥೆಯನ್ನು ಕಟ್ಟಿತು. ಅಲ್ಲಿಯೂ ದೂರುಗಳಿವೆ, ತಪ್ಪುಗಳಾಗಿವೆ. ಆದರೆ ತಪ್ಪನ್ನು ಅಳೆಯಲು ಅಲ್ಲಿ ಒಂದು ಅಳತೆಗೋಲಾದರೂ ಇದೆ.

ನಮ್ಮಲ್ಲಿ ರಾಜಕಾರಣಿಗಳ ಕಾಳಜಿ ಬೇರೆಯೇ ದಿಕ್ಕಿನಲ್ಲಿ ಹರಿಯುತ್ತದೆ. 2019ರಲ್ಲಿ ತ್ರಿವಳಿ ತಲಾಕ್ ಕುರಿತ ಕಾಯ್ದೆ ತರಲಾಯಿತು. ಮುಸ್ಲಿಂ ಮಹಿಳೆಯ ಕಣ್ಣೀರಿನ ಬಗ್ಗೆ ಸಂಸತ್ತಿನಲ್ಲಿ ಗಂಟೆಗಟ್ಟಲೆ ಭಾಷಣಗಳಾದವು. ಪತಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದೆಂದು ಬರೆಯಲಾಯಿತು. ಅದರ 6ನೆಯ ಕಲಮು ಅಪ್ರಾಪ್ತ ಮಕ್ಕಳ ಸುಪರ್ದಿ ತಾಯಿಗೆ ಸಲ್ಲಬೇಕು, ಅದರ ರೀತಿಯನ್ನು ಮ್ಯಾಜಿಸ್ಟ್ರೇಟರು ನಿರ್ಧರಿಸಬೇಕು ಎನ್ನುತ್ತದೆ. ಕಳ್ಳತನ, ಹೊಡೆದಾಟಗಳ ಪ್ರಕರಣಗಳ ರಾಶಿಯ ನಡುವೆ ಕುಳಿತಿರುವ ಕಡೂರು ಅಥವಾ ತರೀಕೆರೆಯ ಮ್ಯಾಜಿಸ್ಟ್ರೇಟರಿಗೆ ಇದನ್ನು ನಿರ್ಧರಿಸಲು ಈ ಕಾಯ್ದೆ ಒಬ್ಬ ಸಮಾಲೋಚಕರನ್ನಾದರೂ ಒದಗಿಸಿತೇ? ಇಲ್ಲ. ತಂದೆಯನ್ನು ಜೈಲಿಗೆ ಕಳುಹಿಸುವ ದಾರಿ ಸಿದ್ಧವಾಯಿತು. ಆ ರಾತ್ರಿ ಮಗುವನ್ನು ಮಾತನಾಡಿಸುವವರನ್ನು ಸಿದ್ಧಪಡಿಸುವ ಯೋಚನೆ ಯಾರಿಗೂ ಬರಲಿಲ್ಲ. ಇದು ಮಹಿಳೆಯ ಮೇಲಿನ ಪ್ರೀತಿಯೋ, ಮತದ ಲೆಕ್ಕಾಚಾರವೋ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಆದರೆ ಸರಕಾರವನ್ನು ದೂಷಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಜಮಾಅತ್‌ಗಳಲ್ಲಿ ನಡೆಯುವ ಪಂಚಾಯಿತಿಯನ್ನು ಆತ್ಮಸಾಕ್ಷಿಯಿಂದ ನೋಡೋಣ. ಇಶಾ ನಮಾಝಿನ ಬಳಿಕ ಹಿರಿಯರು ಸೇರುತ್ತಾರೆ. ಮೆಹರ್, ಒಡವೆ, ಪಾತ್ರೆ-ಪಗಡಿಗಳ ಪಟ್ಟಿ ಓದಲಾಗುತ್ತದೆ. ಆ ಪಟ್ಟಿಯ ಕೊನೆಯಲ್ಲಿ ಮಗುವೂ ಬರುತ್ತದೆ. ‘ಖುಲಾ ಬೇಕಾದರೆ ಮಗುವನ್ನು ಬಿಟ್ಟುಕೊಡು’, ‘ಜೀವನಾಂಶ ಕೇಳದಿದ್ದರೆ ಮಗುವನ್ನು ಇಟ್ಟುಕೋ’ ಎಂಬ ಚೌಕಾಸಿ ನಡೆಯುವುದಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರೆಷ್ಟು ಮಂದಿ? ತಾಯಿಯ ಮಾತನ್ನು ಅವಳ ಅಣ್ಣ ಆಡುತ್ತಾನೆ. ಮಗುವಿನ ಮಾತನ್ನು ಯಾರೂ ಆಡುವುದಿಲ್ಲ. ಸಂಧಾನ ಒಳ್ಳೆಯದು, ಕುರ್‌ಆನ್ ಅದನ್ನು ಪ್ರೋತ್ಸಾಹಿಸಿದೆ. ಆದರೆ ಮಗುವನ್ನು ಚೌಕಾಸಿಯ ವಸ್ತುವನ್ನಾಗಿಸುವುದು ಸಂಧಾನವಲ್ಲ. ಮಗುವಿನ ಕಾರಣಕ್ಕಾಗಿ ತಾಯಿಯನ್ನಾಗಲಿ ತಂದೆಯನ್ನಾಗಲಿ ಪೀಡಿಸಕೂಡದೆಂದು ಅಲ್‌ಬಕರ ಅಧ್ಯಾಯದ 233ನೆಯ ಸೂಕ್ತ ತಾಕೀತು ಮಾಡುವುದನ್ನು ನಮ್ಮ ಎಷ್ಟು ಪಂಚಾಯಿತಿಗಳು ನೆನಪಿಸಿಕೊಂಡಿವೆ?

‘ಶರೀಅತ್ತಿನಲ್ಲಿ ಎಲ್ಲವೂ ನಿಶ್ಚಿತವಾಗಿದೆ. ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಬಳಿ, ಆಮೇಲೆ ತಂದೆಯ ಬಳಿ. ಇದಕ್ಕೆ ಮನಶ್ಶಾಸ್ತ್ರಜ್ಞರೇಕೆ?’ ಎಂಬ ಆಕ್ಷೇಪ ಬರುತ್ತದೆ. ಹನಫಿ ವಿದ್ವಾಂಸರ ಅಭಿಪ್ರಾಯ ಹೀಗಿರುವುದು ನಿಜ. ಆದರೆ ಅದೇ ವಿದ್ವಾಂಸರು ಹಿಝಾನತ್‌ಗೆ ಶರತ್ತುಗಳನ್ನೂ ಹೇಳಿದ್ದಾರೆ. ಮಗುವನ್ನು ಸಾಕುವವರು ಸ್ವಸ್ಥಬುದ್ಧಿಯವರಾಗಿರಬೇಕು, ನಂಬಿಕಸ್ತರಾಗಿರಬೇಕು, ಮಗುವಿನ ರಕ್ಷಣೆಗೆ ಸಮರ್ಥರಾಗಿರಬೇಕು. ಈ ಶರತ್ತುಗಳು ಪೂರೈಸಿವೆಯೇ ಎಂದು ತಿಳಿಯುವುದು ಪರಿಶೀಲನೆಯಿಂದಲೇ ಹೊರತು ಜನನ ಪ್ರಮಾಣಪತ್ರದಿಂದಲ್ಲ. ಶಾಫಿ ವಿದ್ವಾಂಸರು ವಿವೇಚನೆಯ ವಯಸ್ಸಿಗೆ ಬಂದ ಮಗುವಿಗೆ ಆಯ್ಕೆಯನ್ನೇ ನೀಡಿದರು. ತಂದೆ-ತಾಯಿ ಮಗನಿಗಾಗಿ ವಿವಾದಕ್ಕಿಳಿದು ಬಂದಾಗ ಪ್ರವಾದಿ(ಸ)ಯವರು ಆ ಬಾಲಕನಿಗೆ ಆಯ್ಕೆ ನೀಡಿದರು, ಅವನು ತಾಯಿಯ ಕೈ ಹಿಡಿದನು. ಇನ್ನೊಂದು ಸಂದರ್ಭದಲ್ಲಿ, ಮಗುವನ್ನು ಹೊತ್ತು ಹೆತ್ತು ಹಾಲುಣಿಸಿದ ತಾಯಿಯ ಅಹವಾಲನ್ನು ಆಲಿಸಿ, ಅವಳು ಮರುಮದುವೆಯಾಗುವ ತನಕ ಅವಳ ಹಕ್ಕೇ ಹೆಚ್ಚಿನದೆಂದು ತೀರ್ಪಿತ್ತರು. ಪ್ರಕರಣ ಬೇರೆ, ಪರಿಸ್ಥಿತಿ ಬೇರೆ, ತೀರ್ಪೂ ಬೇರೆ. ಎರಡರಲ್ಲೂ ಮೊದಲು ನಡೆದದ್ದು ಆಲಿಸುವಿಕೆ.

ಹ. ಉಮರ್(ರ)ರ ಘಟನೆ ಇನ್ನೂ ಕಣ್ತೆರೆಸುವಂಥದ್ದು. ತಲಾಕ್ ನೀಡಿದ ಪತ್ನಿಯಿಂದ ಜನಿಸಿದ ಮಗ ಆಸಿಮ್ ಕುಬಾದಲ್ಲಿ ಆಡುತ್ತಿರುವುದನ್ನು ಕಂಡು ಅವರು ಅವನನ್ನು ತಮ್ಮ ಸವಾರಿಯ ಮೇಲೆ ಕುಳ್ಳಿರಿಸಿಕೊಂಡರು. ಮಗುವಿನ ಅಜ್ಜಿ ತಡೆದಳು. ವಿವಾದ ಖಲೀಫ ಹ. ಅಬೂಬಕರ್(ರ)ರ ಮುಂದೆ ಹೋಯಿತು. ಮಗುವನ್ನು ಅವಳಿಗೆ ಬಿಟ್ಟುಕೊಡಲು ಖಲೀಫರು ಹೇಳಿದರು. ಉಮರ್(ರ)ರಂತಹ ವ್ಯಕ್ತಿ ಮರುಮಾತನಾಡಲಿಲ್ಲ. ಮಗನನ್ನು ಶಾಲೆಯ ಗೇಟಿನಿಂದಲೇ ಆಟೋದಲ್ಲಿ ಹತ್ತಿಸಿಕೊಂಡು ಹೋಗಿ, ‘ನಾನು ತಂದೆ, ನನ್ನ ಹಕ್ಕು’ ಎನ್ನುವವರು ಈ ಘಟನೆಯನ್ನು ಒಮ್ಮೆ ಓದಲಿ. 2010ರ ಜನವರಿಯಲ್ಲಿ, ಕರ್ನಾಟಕದ ಮುಸ್ಲಿಂ ಕುಟುಂಬವೊಂದರ ಪ್ರಕರಣದಲ್ಲಿ, ತಾಯಿ ತೀರಿಕೊಂಡು ತಂದೆ ಮರುಮದುವೆಯಾದ ಬಳಿಕ ತಾಯಿಯ ಕಡೆಯವರ ಬಳಿ ಇದ್ದ ಮಕ್ಕಳ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಪೋಷಕತ್ವ ಬೇರೆ, ಸುಪರ್ದಿ ಬೇರೆ. ತಂದೆ ಸಹಜ ಪೋಷಕನೆಂಬ ಮಾತ್ರಕ್ಕೆ ಸುಪರ್ದಿಯ ಪ್ರಶ್ನೆ ಮುಗಿಯುವುದಿಲ್ಲ.

ಹಣವೆಲ್ಲಿದೆ, ಜನರೆಲ್ಲಿದ್ದಾರೆ ಎಂಬುದು ಕೊನೆಯ ನೆಪ. ಈ ನೆಪಕ್ಕೆ ಕರ್ನಾಟಕದ ಇತಿಹಾಸದಲ್ಲೇ ಉತ್ತರವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಕಾರ್ಯಕರ್ತರಿಗೇ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ನೀಡಲು ಕಲಿಸಿತು. ರೋಗಿ ಬೆಂಗಳೂರಿಗೆ ಬರುವ ಬದಲು ವಿದ್ಯೆ ಬಳ್ಳಾರಿಗೆ ಹೋಯಿತು. ಆ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2020ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಸಂಕಷ್ಟದಲ್ಲಿರುವ ಮಕ್ಕಳ ಮನಸ್ಸಿನ ಆರೈಕೆಗಾಗಿ ನಿಮ್ಹಾನ್ಸ್‌ನಲ್ಲೇ ‘ಸಂವಾದ್’ ಎಂಬ ಯೋಜನೆಯನ್ನು ಆರಂಭಿಸಿತು. ಕಲಿಸಬಲ್ಲವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಶಿವಮೊಗ್ಗ ಮತ್ತು ಚಿಕ್ಕಮಗಳೂರುಗಳಲ್ಲಿ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ಕಾಯಿಲೆಯ ವಿಷಯದಲ್ಲಿ ಬಳ್ಳಾರಿಯಲ್ಲಿ ಸಾಧ್ಯವಾದದ್ದು ಮಗುವಿನ ಸುಪರ್ದಿಯ ವಿಷಯದಲ್ಲಿ ಚಿಕ್ಕಮಗಳೂರಿನಲ್ಲಿ ಏಕೆ ಸಾಧ್ಯವಿಲ್ಲ?

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಲಿ. ಒಂದು: ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಇಬ್ಬರು ಮನಶ್ಶಾಸ್ತ್ರಜ್ಞರು ಅಥವಾ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರು ಮಹಿಳೆ, ಪಾಲನಾ ಮೌಲ್ಯಮಾಪನದ ತರಬೇತಿ ಪಡೆಯಲಿ. ಎರಡು: ತರಬೇತಿ ಮುಗಿಸಿದವರು ಮೊದಲ ಕೆಲವು ವರದಿಗಳನ್ನು ಹಿರಿಯರ ಮೇಲ್ವಿಚಾರಣೆಯಲ್ಲೇ ಬರೆಯಲಿ. ಮೂರು: ರಾಜ್ಯ ಹೈಕೋರ್ಟ್ ವರದಿಯ ವಿಧಾನಕ್ಕೆ ಕನ್ನಡದಲ್ಲಿ ಮಾರ್ಗಸೂಚಿ ಹೊರಡಿಸಲಿ. ಮಗುವಿನ ಮನೆಮಾತಿನಲ್ಲೇ ಅದನ್ನು ಮಾತನಾಡಿಸುವುದು ಕಡ್ಡಾಯವಾಗಲಿ. ನಾಲ್ಕು: ವೆಚ್ಚವನ್ನು ಸರಕಾರ ಭರಿಸಲಿ. ಹಣವುಳ್ಳವರು ತಮಗೆ ಬೇಕಾದ ತಜ್ಞರಿಂದ ಬೇಕಾದ ವರದಿ ಬರೆಸಿಕೊಳ್ಳುವ ಮಾರುಕಟ್ಟೆ ಇಲ್ಲಿ ಹುಟ್ಟಬಾರದು.

ಸಮುದಾಯದ ಹೊಣೆ ಇದಕ್ಕಿಂತ ಕಡಿಮೆಯಲ್ಲ. ಮಸೀದಿ ಸಮಿತಿಗಳು ಮಗುವಿನ ವಿಷಯವನ್ನು ಮೆಹರ್‌ನ ಪಟ್ಟಿಯಿಂದ ಇಂದೇ ಹೊರತೆಗೆಯಲಿ. ವಿವಾದವಿದ್ದಲ್ಲಿ ತೀರ್ಪು ನೀಡುವ ಆತುರ ಬಿಟ್ಟು ತಾಯಿಯನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕಳುಹಿಸಲಿ. 1987ರ ಕಾಯ್ದೆಯಂತೆ ಮಹಿಳೆಯರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ಕಾನೂನು ನೆರವು ದೊರೆಯುತ್ತದೆ. ಮಕ್ಕಳೆಲ್ಲ ಇಂಜಿನಿಯರ್, ಡಾಕ್ಟರ್ ಆಗಲೆಂದು ಹಂಬಲಿಸುವ ನಮ್ಮ ಪಟ್ಟಣಗಳ ಕುಟುಂಬಗಳು ಒಬ್ಬ ಮಗಳನ್ನಾದರೂ ಮನಶ್ಶಾಸ್ತ್ರ, ಸಮಾಜಕಾರ್ಯ ಓದಲು ಕಳುಹಿಸಲಿ. ದಖನಿಯಲ್ಲಿ ಮಾತನಾಡಿಸಬಲ್ಲ, ನಮ್ಮ ಮನೆಗಳನ್ನು ಒಳಗಿನಿಂದ ಬಲ್ಲ, ಆದರೂ ನಿಷ್ಪಕ್ಷಪಾತವಾಗಿ ಬರೆಯಬಲ್ಲ ಒಬ್ಬ ಹೆಣ್ಣುಮಗಳು ಚಿಕ್ಕಮಗಳೂರಿನ ನ್ಯಾಯಾಲಯದಲ್ಲಿದ್ದರೆ, ಚೌಳಹಿರಿಯೂರಿನ ಆ ತಾಯಿಗೂ ತರೀಕೆರೆಯ ಆ ತಂದೆಗೂ ಅದು ನೂರು ಭಾಷಣಗಳಿಗಿಂತ ದೊಡ್ಡ ನೆರವು.

ದಾಂಪತ್ಯ ಮುರಿಯಬಹುದು. ತಂದೆ-ತಾಯಿ ಎಂಬ ಸಂಬಂಧಕ್ಕೆ ತಲಾಕ್ ಇಲ್ಲ, ಖುಲಾ ಇಲ್ಲ. ಜಗಳದಲ್ಲಿ ಗೆದ್ದವರು ಯಾರೆಂದು ಮಗು ಇಪ್ಪತ್ತು ವರ್ಷಗಳ ಬಳಿಕ ಕೇಳುವುದಿಲ್ಲ. ಅಂದು ತನ್ನ ಮಾತನ್ನು ಯಾರಾದರೂ ಸರಿಯಾಗಿ ಕೇಳಿದ್ದರೇ ಎಂದಷ್ಟೇ ಕೇಳುತ್ತದೆ. ಅದಕ್ಕೆ ಸರಕಾರ, ನ್ಯಾಯಾಲಯ, ಜಮಾಅತ್ ಮೂವರೂ ಉತ್ತರ ಕೊಡಬೇಕಾಗುತ್ತದೆ.